ಹಿಮದೂರಿನ ಅಕ್ಕ

ಉಪಚಾರ ಮಾಡಿಸಿಕೊಳ್ಳುವುದೂ ಒಂದು ವಿದ್ಯೆ, ನನಗದು ಬಾರದು. "ಇನ್ನೊಂದು ಹಾಕಲೇ?" ಎಂದು ಯಾರಾದರೂ ಕೇಳಿದರೆ ನಾಚಿಕೊಂಡು ಬೇಡವೆನ್ನುತ್ತೇನೆ, ಮತ್ತೊಮ್ಮೆ ಕೇಳಲಿಲ್ಲವೆಂದು ಮನೆಗೆ ಬಂದು ಕೊರಗುತ್ತೇನೆ. ಇಂಥ ನನ್ನನ್ನು ಜಪಾನಿಗೆ ಎಳೆದವರು ಮೊರಿ. ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ನಮ್ಮ ಸ್ಥಾವರಕ್ಕೆ ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರು. ವರ್ಷವಿಡೀ ಶುಕ್ರವಾರಗಳಂದು ನಮ್ಮ ಫ್ಲ್ಯಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡವರು, ಊರಿಗೆ ಹೊರಡುವಾಗ "ಫೆಬ್ರುವರಿಯಲ್ಲಿ ಬನ್ನಿ. ನಮ್ಮಕ್ಕನ ವಸತಿಗೃಹವಿದೆ, ಹಿಮದ ಮೇಲೆ ಜಾರೋಣ" ಎಂದರು. ನಾನು ವಿಜಾಪುರದ ಬಿಸಿಲಿನಿಂದ ಒಮಾನಿನ ಬಿಸಿಲಿಗೆ ಬಂದವನು. ಹಿಮ ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಸ್ಕೀಯಿಂಗಿಗೆ ಹೋಗುತ್ತೇನೆಂದು ಸ್ಥಾವರದ ತುಂಬ ಸಾರಿಬಿಟ್ಟೆ. ಹೆಂಡತಿ ಸುಶೀಲಾ ಮಾತ್ರ, "ಈ ವಯಸ್ಸಿನ್ಯಾಗ ಎಲುಬು ಮುರಕೊಂಡು ಕೂತ್ರ ಯಾರು ನೋಡಬೇಕ್ರಿ?" ಎನ್ನುತ್ತಲೇ ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

ಅವಳ ಮಾತು ಪೂರ್ತಿ ನಿಜವಾಗಲಿಲ್ಲ, ಕಾಲು ಉಳುಕಿದ್ದಷ್ಟೇ. ನಾನು ಬಿದ್ದಾಗಲೆಲ್ಲ ಮೊರಿ ಓಡಿಬಂದು, ಆ ಇಳಿಜಾರನ್ನು ತಾವೇ ತಂದಿಟ್ಟವರಂತೆ ತಲೆಬಾಗಿ ಕ್ಷಮೆ ಕೇಳುತ್ತಿದ್ದರು. ಹನ್ನೊಂದನೆಯ ಸಲ ನನ್ನಿಂದ ಏಳಲಾಗಲಿಲ್ಲ. "ಇಷ್ಟು ದೂರ ಬಂದೀವಿ, ನಾನರ ನೋಡ್ತೀನಿ" ಎಂದು ಸುಶೀಲಾ ಸ್ಕೀ ಕಟ್ಟಿಕೊಂಡಳು. ಬುತ್ತಿ ಹೊತ್ತು ಹೊಲದ ಬದುವಿನ ಮೇಲೆ ನಡೆದ ಕಾಲು ಸ್ವಾಮೀ ಅವು. ಮೂರು ಸಲ ಬಿದ್ದು, ನಾಲ್ಕನೆಯ ಸಲ ನೆಟ್ಟಗೆ ಕೆಳಗಿನವರೆಗೂ ಜಾರಿದಳು. ನಾನು ಚಪ್ಪಾಳೆ ತಟ್ಟಿದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಅಂದು ಸಂಜೆ ಅಕ್ಕನ ವಸತಿಗೃಹದಲ್ಲಿ ಊಟಕ್ಕೆ ಕೂತಾಗ ಸಾರಿನಿಂದ ಮೀನಿನ ವಾಸನೆ ಬಂತು. ಸುಶೀಲಾ ತುಟಿ ಸೋಕಿಸದೆ ಎದ್ದಳು. ಹೇಳಿದರೆ ಅಕ್ಕ ನೊಂದುಕೊಂಡಾರೆಂದು ಇಬ್ಬರೂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಶಬ್ದವಾಗದಂತೆ ಖಡಕ್ ರೊಟ್ಟಿ ತಿಂದೆವು. ಆ ಕಷ್ಟ ತಿಂದವರಿಗೇ ಗೊತ್ತು.

ಮರುದಿನ ಸಂಜೆ ಅಕ್ಕ ಹೊಸ ಪಾತ್ರೆಯೊಂದನ್ನು ತಂದು ನಮ್ಮ ಮುಂದಿಟ್ಟರು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಜೊತೆಗೊಂದು ಕಾಗದ: ಅದರಲ್ಲಿ ಮೀನಿನ ಚಿತ್ರ, ಮೇಲೆ ದೊಡ್ಡದೊಂದು ಕಾಟು. ಒಳಗೆ ಅಣಬೆ, ಕಡಲಸೊಪ್ಪಿನ ಸಾರು. "ಬೆಳಿಗ್ಗೆ ಕೋಣೆ ಗುಡಿಸುವಾಗ ಅಕ್ಕನಿಗೆ ರೊಟ್ಟಿಯ ಚೂರು ಸಿಕ್ಕಿತಂತೆ," ಎಂದರು ಮೊರಿ. "ನೀವು ಮಾಂಸ ಮೀನು ತಿನ್ನುವುದಿಲ್ಲವೆಂದು ನಾನು ಹೇಳಿದ್ದೆ. ಸಾರಿಗೆ ಮೀನಿನ ಪುಡಿ ಬೀಳುತ್ತದೆಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ."

ಸುಶೀಲಾ ಎರಡು ಬಟ್ಟಲು ಕುಡಿದಳು. ಕಣ್ಣೊರೆಸಿಕೊಂಡು, ಉಳಿದ ರೊಟ್ಟಿಯ ಡಬ್ಬಿಯನ್ನು ಅಕ್ಕನ ಕೈಗಿಟ್ಟಳು. ಅಕ್ಕ ಒಂದು ರೊಟ್ಟಿಯನ್ನು ಊಟದ ಕಡ್ಡಿಗಳಿಂದ ಹಿಡಿಯಲು ಹೋಗಿ, ಅದು ಪಟ್ಟನೆ ಮುರಿದು, ಹೆಂಗಸರಿಬ್ಬರೂ ಭಾಷೆಯೇ ಇಲ್ಲದೆ ನಕ್ಕರು. ಹೊರಟ ದಿನ ನಮ್ಮ ಬಸ್ಸು ತಿರುವು ದಾಟುವವರೆಗೂ ಅಕ್ಕ ಹಿಮದಲ್ಲಿ ತಲೆಬಾಗಿ ನಿಂತಿದ್ದರು.

ಅದನ್ನು ನಾನೂ ಕಲಿಯಬೇಕೆನಿಸಿತು. ಮಸ್ಕತ್ತಿಗೆ ಮರಳಿದ ವಾರವೇ ಒಮಾನಿನ ದಕ್ಷಿಣ ತುದಿಯ ಸಲಾಲಾದಲ್ಲಿರುವ ಮಂಗಳೂರಿನ ಗೆಳೆಯ ಹಮೀದ್ ಸಾಹೇಬರು ಬಂದರು. ಸುಶೀಲಾ ಮನೆಯಲ್ಲಿರಲಿಲ್ಲ. ಅವರು ಹೊರಟಾಗ ನಾನು ಕೆಳಗಿಳಿದು, ಕಾರು ಮರೆಯಾಗುವವರೆಗೂ ಹಾಗೇ ಇರೋಣವೆಂದು ತಲೆಬಾಗಿ ನಿಂತೆ. ಅವರು ಗಾಬರಿಯಾಗಿ ಕಾರು ಹಿಂದಕ್ಕೆ ತಂದರು. "ಎಂತ ಮಾರಾಯ್ರೆ, ಹೊಟ್ಟೆನೋವಾ?"

"ಅಲ್ಲ, ಇದು ಜಪಾನಿನ ಪದ್ಧತಿ."

"ಹಾಗಾ," ಎಂದರು ಮೆಲ್ಲಗೆ. "ನಾನು ಚಾ ಕುಡಿಯಲಿಕ್ಕೆ ವಾಪಸ್ ಕರೀತಿದ್ದೀರಿ ಅಂತ ಎಣಿಸಿದೆ."

ಎರಡು ಗಂಟೆ ಅವರನ್ನು ಕೂರಿಸಿಕೊಂಡು ಜಪಾನಿನ ಅತಿಥಿಸತ್ಕಾರ ಬಣ್ಣಿಸಿದ್ದ ನಾನು ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ.