ಸೋರದ ಹೂಜಿಯ ಪ್ರಕರಣ

ಪಿಂಗಾಣಿ ಕಲಾ ಮಂಡಳಿಯ ನಿಯಮ ಹನ್ನೊಂದರ ಪ್ರಕಾರ, ನೀರು ನಿಲ್ಲುವ ವಸ್ತು ಪಾತ್ರೆ. ನೀರು ನಿಲ್ಲದ ವಸ್ತು ಕಲೆ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನಾನು ಮಂಡಳಿಯ ನಡಾವಳಿ ಬರೆಯುವ ಗುಮಾಸ್ತ. ಈ ನಿಯಮವನ್ನು ಮೊದಲು ಕಾಗದಕ್ಕಿಳಿಸಿದ ಕೈ ನನ್ನದೇ ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಿಯಮ ಹುಟ್ಟಲು ಕಾರಣ ಒಬ್ಬ ಪ್ರೇಕ್ಷಕರು. ವಾರ್ಷಿಕ ಪ್ರದರ್ಶನದಲ್ಲಿ ಅವರು ಅಧ್ಯಕ್ಷರ ‘ಶೂನ್ಯ – ೭’ ಎಂಬ ಕೃತಿಯನ್ನು ಹೂದಾನಿ ಎಂದು ತಿಳಿದು, ಕೈಯಲ್ಲಿದ್ದ ಹೂಗಳನ್ನು ಅದರಲ್ಲಿಟ್ಟು, ಪುಣ್ಯಾತ್ಮರು ನೀರನ್ನೂ ಹಾಕಿದರು. ಐದೇ ನಿಮಿಷದಲ್ಲಿ ನೀರು ಪೀಠಕ್ಕೆ, ಪೀಠದಿಂದ ನೆಲಕ್ಕೆ, ನೆಲದಿಂದ ಉದ್ಘಾಟಕರ ಬೂಟಿನೊಳಕ್ಕೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಮಣ್ಣು ಸರಿಯಾಗಿ ಬೆಂದಿಲ್ಲವೆಂದು ನಾಚಿಕೊಳ್ಳುತ್ತಿದ್ದರು. ನಮ್ಮ ಅಧ್ಯಕ್ಷರು ಮರುದಿನವೇ ತುರ್ತು ಸಭೆ ಕರೆದು, ಸೋರುವುದೇ ಕೃತಿಯ ಉದ್ದೇಶವೆಂದೂ, ಸೋರದೆ ಇರುವಂಥದ್ದು ಅಡುಗೆಮನೆಗೆ ಸೇರಿದ್ದೆಂದೂ ವಿವರಿಸಿದರು. ಹೆಚ್ಚಿನ ಸದಸ್ಯರ ಕೃತಿಗಳೂ ಸೋರುತ್ತಿದ್ದುದರಿಂದ ಚರ್ಚೆ ಬೇಗ ಮುಗಿಯಿತು.

ಪರೀಕ್ಷೆ ಸರಳ. ವಸ್ತುವಿಗೆ ಬಾಯಿಮಟ್ಟ ನೀರು ತುಂಬಿ ಹದಿನೈದು ನಿಮಿಷ ಬಿಡಬೇಕು. ಆಮೇಲೆ ಒಳಗೆ ಇಣುಕಿ, ನೀರಿದ್ದರೆ ‘ಪಾತ್ರೆ’ ಎಂದೂ, ಇಲ್ಲದಿದ್ದರೆ ‘ಕಲೆ’ ಎಂದೂ ನಮೂದಿಸಬೇಕು. ಅರ್ಧ ಉಳಿದಿದ್ದರೆ ‘ಉದಯೋನ್ಮುಖ’.

ಇದರಿಂದ ತೊಂದರೆಯಾದದ್ದು ಒಬ್ಬರಿಗೆ ಮಾತ್ರ. ಮಂಡಳಿಯ ಆವರಣದಲ್ಲಿ ಕಲಾವಿದರಿಗೆಂದು ಹನ್ನೆರಡು ಶೆಡ್ಡುಗಳಿವೆ. ಒಂಬತ್ತನೆಯದರಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರನ್ನು ನಾವೆಲ್ಲ ಹೂಜಿ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಹೂಜಿಗೆ ನೀರು ತುಂಬಿದರೆ ನೀರು ಅಲ್ಲೇ ಇರುತ್ತಿತ್ತು. ಬಗ್ಗಿಸಿದರೆ ಮಾತ್ರ ಬರುತ್ತಿತ್ತು, ಅದೂ ನೇರವಾಗಿ ಲೋಟಕ್ಕೇ ಬೀಳುತ್ತಿತ್ತು. ಇಂಥ ಹಟಮಾರಿ ವಸ್ತುವನ್ನು ಕಲೆ ಎನ್ನುವುದಾದರೂ ಹೇಗೆ?

ಎರಡು ವರ್ಷ ಸತತವಾಗಿ ಪ್ರದರ್ಶನಕ್ಕೆ ಆಯ್ಕೆಯಾಗದವರು ಶೆಡ್ಡು ಬಿಡಬೇಕು. ಹೂಜಿ ಅಕ್ಕನಿಗೆ ಆಗಲೇ ಒಂದು ವರ್ಷ ತಪ್ಪಿತ್ತು. ಮಡಕೆ ತಿರುಗಿಸುವ ತಿಗರಿಯನ್ನಾದರೆ ಗಾಡಿಗೆ ಹಾಕಿಕೊಂಡು ಹೋಗಬಹುದು. ಶೆಡ್ಡಿನ ಹಿಂದೆ ಹೂಜಿಗಳನ್ನು ಸುಡುವ ಆವಿಗೆ ಇತ್ತಲ್ಲ, ಅದನ್ನು ಅವರೂ ಅವರ ಗಂಡನೂ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದರು. ಗಂಡ ಈಗಿಲ್ಲ. ಆವಿಗೆಯನ್ನು ಕಿತ್ತರೆ ಬರೀ ಇಟ್ಟಿಗೆ. ಈ ವರ್ಷವೂ ತಪ್ಪಿದರೆ ಶೆಡ್ಡು ಬಿಡಬೇಕೆಂಬ ನೋಟಿಸು ಟೈಪು ಮಾಡುವಾಗ ನಾನು ಎರಡು ಸಲ ಅಕ್ಷರ ತಪ್ಪಿದೆ. ಆದರೂ ನಿಯಮದಂತೆ ಮೂರು ಪ್ರತಿ ತೆಗೆದೆ.

ನೋಟಿಸು ಕೊಡಲು ಹೋದಾಗ ಹೂಜಿ ಅಕ್ಕನ ಅತ್ತೆ ಬಾಗಿಲಲ್ಲೇ ಕೂತು ಮಣ್ಣು ನಾದುತ್ತಿದ್ದರು. ವಿಷಯ ತಿಳಿಸಿದೆ.

“ನಮ್ಮಲ್ಲಿ ಸೋರೋದು ಅಂದ್ರೆ ಈ ಸೂರೊಂದೇ ಕಣಪ್ಪ,” ಎಂದರು. “ಅದೂ ನಿಮ್ಮ ಮಂಡಳೀದೇ. ಬೇಕಾದ್ರೆ ಅದನ್ನೇ ಬಿಚ್ಚಿ ಕಳಿಸ್ತೀನಿ.”

ಸೂರು ಮಂಡಳಿಯ ಸ್ವತ್ತಾದ್ದರಿಂದ ಸ್ಪರ್ಧೆಗೆ ಬರುವುದಿಲ್ಲವೆಂದು ವಿನಯದಿಂದ ಹೇಳಿದೆ.

ಹೂಜಿ ಅಕ್ಕ ಪ್ರಯತ್ನ ಮಾಡಲಿಲ್ಲ ಎನ್ನುವಂತಿಲ್ಲ. ಮೊದಲು ಹಸಿ ಹೂಜಿಯ ತಳಕ್ಕೆ ಸೂಜಿಯಿಂದ ಚುಚ್ಚಿದರು. ಆವಿಗೆಯಲ್ಲಿ ಹೊರಗಿನ ಗಾಜಿನ ಲೇಪ ಕರಗಿ ಹರಿದು ತೂತನ್ನು ಅಚ್ಚುಕಟ್ಟಾಗಿ ಮುಚ್ಚಿಬಿಟ್ಟಿತು. ಎರಡನೆಯ ಸಲ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ಮಾಡಿದರು. ಅಧ್ಯಕ್ಷರು ನೋಡಿ, ಇದು ಹೂಕುಂಡ, ತೋಟಗಾರಿಕೆ ಇಲಾಖೆಗೆ ಕಳಿಸಿ ಎಂದರು. ಸೋರಿಕೆ ಸಹಜವಾಗಿರಬೇಕು, ಉದ್ದೇಶಪೂರ್ವಕ ಸೋರಿಕೆ ಕೊಳಾಯಿ ಕೆಲಸದವರದು ಎಂಬುದು ಅವರ ವಾದ. ಅದನ್ನು ಹನ್ನೊಂದು (ಅ) ಎಂದು ಸೇರಿಸಿದೆವು.

ಬಳಿಕ ಮಂಡಳಿಯೇ ದೊಡ್ಡ ಮನಸ್ಸು ಮಾಡಿ ಮೂರು ದಿನದ ಸೋರಿಕೆ ತರಬೇತಿ ಶಿಬಿರ ಏರ್ಪಡಿಸಿತು. ಹಿರಿಯ ಕಲಾವಿದರು ಸಾಲಾಗಿ ಬಂದು ಕೂತರು. ತಮ್ಮ ಮಡಕೆಗಳು ಯಾಕೆ ಸೋರುತ್ತವೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಅಧ್ಯಕ್ಷರು, ಮಾಡುವಾಗ ನೀರಿನ ಬಗ್ಗೆ ಯೋಚಿಸಬಾರದು, ಅಷ್ಟೇ ಗುಟ್ಟು ಎಂದರು. ಹೂಜಿ ಅಕ್ಕ ಏನೂ ಯೋಚಿಸದೆ ತಿಗರಿ ತಿರುಗಿಸಿದರು. ತಲೆ ಸುಮ್ಮನಿದ್ದರೂ ಕೈ ಸುಮ್ಮನಿರಲಿಲ್ಲ. ಹೂಜಿ ಎಂದಿಗಿಂತ ಚೆನ್ನಾಗಿ ಬಂತು. ಅದನ್ನು ಮುಂದಿಟ್ಟುಕೊಂಡು ಅವರು ಅತ್ತುಬಿಟ್ಟರು.

ಜೊತೆಗೆ ಬಂದಿದ್ದ ಅತ್ತೆಗೆ ತಡೆಯಲಾಗಲಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ಒಂದು ನಿಮಿಷ ನನ್ನ ಕೈಗೆ ಕೊಡೇ,” ಎಂದು ದೊಣ್ಣೆ ಹುಡುಕತೊಡಗಿದರು. ಒಡೆದ ವಸ್ತು ‘ಹಾನಿ’ ಎನಿಸಿಕೊಂಡು ಕಡತ ವಿಮಾ ಶಾಖೆಗೆ ಹೋಗುತ್ತದೆ, ಅಲ್ಲಿಂದ ಇದುವರೆಗೆ ಯಾವ ಕಡತವೂ ಹಿಂದಿರುಗಿಲ್ಲ ಎಂದು ನಾನು ತಡೆದೆ.

ಪರೀಕ್ಷೆಯ ದಿನ ನಡುಮಧ್ಯಾಹ್ನ. ಕರೆಂಟು ಹೋಗಿ ಫ್ಯಾನುಗಳು ನಿಂತಿದ್ದವು. ಮೇಜಿನ ಮೇಲೆ ಸಮಿತಿಯವರಿಗೆಂದು ಕುಡಿಯುವ ನೀರಿನ ಒಂದು ಜಗ್ಗು, ಆರು ಲೋಟ ಇಟ್ಟಿದ್ದರು. ಎಲ್ಲವೂ ಹಿಂದಿನ ವರ್ಷಗಳ ಬಹುಮಾನಿತ ಕೃತಿಗಳಾದ್ದರಿಂದ ಸಭೆ ಆರಂಭವಾಗುವ ಹೊತ್ತಿಗೆ ಮೇಜಿನ ಬಟ್ಟೆ ಒದ್ದೆಯಾಗಿತ್ತು, ಜಗ್ಗು ಒಣಗಿತ್ತು. ಒದ್ದೆ ಬಟ್ಟೆ ತೆಗೆದು ಬೇರೆ ಹಾಸಿದೆ. ಹೂಜಿ ಅಕ್ಕನ ಹೂಜಿಯನ್ನು ನಡುವೆ ಇಟ್ಟು, ಬಾಯಿಮಟ್ಟ ತುಂಬಿ, ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ.

ಕಾಯುವ ಹೊತ್ತು ವ್ಯರ್ಥವಾಗಬಾರದೆಂದು ಅಧ್ಯಕ್ಷರು ‘ಶೂನ್ಯದ ಸೋರಿಕೆ’ ಎಂಬ ವಿಷಯವಾಗಿ ಮಾತಾಡತೊಡಗಿದರು. ಮೂರನೆಯ ನಿಮಿಷಕ್ಕೆ ನನ್ನ ಗಂಟಲು ಒಣಗಿತು. ಎದುರಿಗೆ ತಣ್ಣನೆ ನೀರು. ಮೊದಲ ಲೋಟ ಬಗ್ಗಿಸಿಕೊಂಡವನು ನಾನೇ, ಒಪ್ಪಿಕೊಳ್ಳುತ್ತೇನೆ. ಲೋಟಗಳು ಕಲೆಯಾದ್ದರಿಂದ ಬೇಗ ಕುಡಿಯಬೇಕಿತ್ತು. ನನ್ನನ್ನು ನೋಡಿ ಕಾರ್ಯದರ್ಶಿ ಕುಡಿದರು, ಅವರನ್ನು ನೋಡಿ ಮೂವರು ತೀರ್ಪುಗಾರರು ಕುಡಿದರು. ಹೂಜಿ ಅಕ್ಕ ಗೋಡೆಗೊರಗಿ ನಿಂತು ನೋಡುತ್ತಿದ್ದರು. ಅಧ್ಯಕ್ಷರಿಗೆ ಕೆಮ್ಮು ಬಂದಾಗ ಅವರೇ ಮುಂದೆ ಬಂದು ಬಗ್ಗಿಸಿಕೊಟ್ಟು, “ಇನ್ನೊಂಚೂರು ಕುಡೀರಿ ಸಾರ್, ಸೆಕೆ ಜಾಸ್ತಿ ಇದೆ,” ಎಂದರು. ಅಧ್ಯಕ್ಷರು ಶೂನ್ಯದ ಗುಂಗಿನಲ್ಲೇ ಮೂರು ಲೋಟ ಮುಗಿಸಿದರು.

ಹದಿನೈದು ನಿಮಿಷವಾಯಿತು. ಕಾರ್ಯದರ್ಶಿ ಇಣುಕಿದರು. ಹೂಜಿ ಖಾಲಿ. ಅಧ್ಯಕ್ಷರು ಅದನ್ನೆತ್ತಿ ತಳ ಸವರಿದರು. ಹೂಜಿಯ ಕೆಳಗಿನ ಬಟ್ಟೆ ಒಣಗಿತ್ತು.

“ನೀರು ಎಲ್ಲಿಗೆ ಹೋಯ್ತು?” ಎಂದು ಕೇಳಿದರು.

ತೀರ್ಪುಗಾರರು ತಮ್ಮ ಲೋಟಗಳನ್ನು ಮೇಜಿನ ಕೆಳಗಿಳಿಸಿದರು. ಒಂದು ಮಾತು ಹೆಚ್ಚಾದರೆ ಒಂಬತ್ತನೆಯ ಶೆಡ್ಡು ಖಾಲಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ಫಾರಮನ್ನು ಅಧ್ಯಕ್ಷರ ಮುಂದೆ ಹಿಡಿದೆ.

“ನೀರಿದೆಯೋ ಇಲ್ಲವೋ ಅಂತ ಮಾತ್ರ ಇದೆ ಸಾರ್. ಎಲ್ಲಿಗೆ ಹೋಯ್ತು ಅನ್ನೋಕೆ ಕಾಲಮ್ಮಿಲ್ಲ.”

ಅಧ್ಯಕ್ಷರು ಒದ್ದೆ ಮೀಸೆ ಒರೆಸಿಕೊಂಡರು. ಆಮೇಲೆ, ಇಷ್ಟು ವರ್ಷ ನಾವೆಲ್ಲ ಮಾಡಿದ್ದು ಒರಟು ಸೋರಿಕೆ, ಒಂದು ಹನಿಯ ಗುರುತನ್ನೂ ಬಿಡದ ಸೋರಿಕೆ ಇದೇ ಮೊದಲು ಎಂದು ಘೋಷಿಸಿದರು. ಮೊದಲ ಬಹುಮಾನದ ಜೊತೆಗೆ ಶೆಡ್ಡನ್ನು ಇನ್ನೈದು ವರ್ಷಕ್ಕೆ ಬರೆದುಕೊಟ್ಟರು. ಆದೇಶ ಟೈಪು ಮಾಡುವಾಗ ನನಗಾದ ಸಂತೋಷದಲ್ಲಿ ನಾಲ್ಕು ಪ್ರತಿ ತೆಗೆದೆ.

ಪ್ರದರ್ಶನದಲ್ಲಿ ಹೂಜಿಯನ್ನು ಬಾಗಿಲ ಬಳಿಯೇ ಇಟ್ಟಿದ್ದೆವು. ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನದೊಳಗೆ ಸೋರಿಹೋಗುತ್ತಿತ್ತು. ಪಕ್ಕದಲ್ಲಿ ‘ಸೋರಿಕೆಯನ್ನು ಸಾಲಾಗಿ ನಿಂತು ವೀಕ್ಷಿಸಿ. ಲೋಟ ನೀವೇ ತನ್ನಿ’ ಎಂಬ ಪ್ರಕಟಣೆ ತೂಗುಹಾಕಿದೆವು.

ಉಳಿದದ್ದು ಒಂದೇ ತೊಡಕು. ಹೂಜಿ ಅಕ್ಕ ಈಗ ಅಧಿಕೃತ ಕಲಾವಿದೆ. ಬೀದಿಯ ಜನಕ್ಕೆ ಪಾತ್ರೆ ಮಾರುವಂತಿಲ್ಲ. ಅದಕ್ಕೂ ನಾನೇ ಒಂದು ಮುಚ್ಚಳಿಕೆ ಬರೆದುಕೊಟ್ಟೆ: ‘ಈ ಕೃತಿಯನ್ನು ನೋಡುವ ಸಲುವಾಗಿ ಮಾತ್ರ ಕೊಂಡಿರುತ್ತೇನೆ. ಇದರಲ್ಲಿ ನೀರು ನಿಂತದ್ದೇ ಆದರೆ ಅದಕ್ಕೆ ನಾನೇ ಹೊಣೆ, ಕಲಾವಿದರು ಹೊಣೆಯಲ್ಲ.’ ಜನ ಸಹಿ ಹಾಕಿ, ಹೂಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ.

ಕಳೆದ ವಾರ ಅಧ್ಯಕ್ಷರೂ ಬಂದಿದ್ದರು. ಮನೆಯಲ್ಲಿ ಹೆಂಡತಿ ಒಂದು ತರಲು ಹೇಳಿದ್ದಾರಂತೆ. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, “ಸೋರಲ್ಲ ತಾನೇ?” ಎಂದು ಕೇಳಿದರು.

“ಸೋರುತ್ತೆ ಸಾರ್,” ಎಂದರು ಹೂಜಿ ಅಕ್ಕ. “ನೀವು ಕುಡಿದ ಹಾಗೆಲ್ಲ ಸೋರುತ್ತೆ.”

ಅಧ್ಯಕ್ಷರು ಸಮಾಧಾನದಿಂದ ಸಹಿ ಹಾಕಿದರು. ನಾನು ಮೊಹರು ಒತ್ತಿದೆ.