ಇಪ್ಪತ್ತಾರು ಗಂಡಸರ ಅಭಿಪ್ರಾಯ

"ಇದೇ ಕೊನೆ! ಇನ್ನು ಮೇಲೆ ಕಂಡವರ ಬಾಡೂಟದ ಜಿಡ್ಡನ್ನು ಈ ಕೈ ಪುಕ್ಕಟೆ ಉಜ್ಜಿದರೆ ಕೇಳಿ!"

ಪಲ್ಲವಿ ಈ ಘೋರ ಪ್ರತಿಜ್ಞೆ ಮಾಡಿದಾಗ ಅವಳ ತಲೆ, ಎರಡೂ ಕೈ ಮತ್ತು ಅರ್ಧ ಬೆನ್ನು ಒಂದು ಪಲಾವಿನ ಹಂಡೆಯೊಳಗಿದ್ದವು. ಹಾಗಾಗಿ ಪ್ರತಿಜ್ಞೆ ಒಳಗೇ ನಾಲ್ಕು ಸುತ್ತು ಹೊಡೆದು ವಾಪಸು ಅವಳ ಕಿವಿಗೇ ಬಂತು. ಹೊರಗೆ ಒಂದು ನರಪಿಳ್ಳೆಗೂ ಕೇಳಲಿಲ್ಲ.

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳ ಗಂಡ ಶಿವುವಿನ ಶಾಮಿಯಾನ ಅಂಗಡಿ. ಶಾಮಿಯಾನ, ಕುರ್ಚಿ, ಟೇಬಲ್ಲಿನ ಜೊತೆಗೆ ದೊಡ್ಡ ಅಡುಗೆಯ ಪಾತ್ರೆಗಳೂ ಬಾಡಿಗೆಗೆ ಸಿಗುತ್ತವೆ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ 'ಪಾತ್ರೆಗಳನ್ನು ತೊಳೆದು ಹಿಂದಿರುಗಿಸತಕ್ಕದ್ದು' ಎಂದು ಬರೆದಿದೆ. ಜನ ತೊಳೆದೇ ಹಿಂದಿರುಗಿಸುತ್ತಿದ್ದರು. ಬೀಗರೂಟ ಮುಗಿದ ಮನೆಯ ಹೆಂಗಸರು, ಎರಡು ದಿನದಿಂದ ಕಾಲು ನೀಡಿ ಕೂತಿಲ್ಲದವರು, ನಿದ್ದೆಗಣ್ಣಲ್ಲಿ ಎರಡು ಚೊಂಬು ನೀರು ಸುರಿದು ಒಂದು ಸುತ್ತು ತೆಂಗಿನ ನಾರು ಆಡಿಸುತ್ತಿದ್ದರು. ಅದೇ ತೊಳೆದದ್ದು! ಹೊರಗೆ ಫಳಫಳ. ಒಳಗೆ ಕೈಯಾಡಿಸಿದರೆ ಹೋದ ವಾರದ ಬೀಗರೂ ಅಂಟಿಕೊಂಡಿರುತ್ತಿದ್ದರು! ಅವರನ್ನೆಲ್ಲ ಮತ್ತೊಮ್ಮೆ ಕೆರೆದು ಕಳಿಸುವವಳು ಪಲ್ಲವಿ. ಹನ್ನೊಂದು ವರ್ಷದಿಂದ. ಈ ಕೆಲಸಕ್ಕೆ ಶಿವು ಇಟ್ಟಿದ್ದ ಹೆಸರು 'ಒಂದ್ಸಲ ನೀರು ತೋರ್ಸೋದು'.

ಆ ಸೋಮವಾರ ಹಂಡೆಯಿಂದ ಹೊರಬಂದ ಪಲ್ಲವಿಯ ತಲೆಯಲ್ಲಿ ಒಂದು ಯೋಜನೆಯಿತ್ತು. ಬಾಡಿಗೆಗೆ ಒಯ್ದವರು ತೊಳೆಯುವುದೇ ಬೇಡ, ಎಂಜಲು ಸಮೇತ ಹಾಗೇ ತರಲಿ. ತೊಳೆಯುವ ಕೂಲಿ ಸೇರಿಸಿ ಕೊಡಲಿ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಇಳಿಜಾರಾದ ಕಲ್ಲುಹಾಸು, ಬಿಸಿನೀರಿನ ತೊಟ್ಟಿ, ಕಾರು ತೊಳೆಯುವವರ ಹತ್ತಿರ ಇರುವಂಥ ಜೋರು ನೀರಿನ ಪೈಪು, ದಿನಗೂಲಿಗೆ ನಾಲ್ಕು ಜನ ಹೆಂಗಸರು.

"ಕಾರಿಗೆ ಸರ್ವೀಸ್ ಸ್ಟೇಷನ್ ಇದೆ, ಪಾತ್ರೆಗೆ ಯಾಕಿರಬಾರ್ದು? ಏನನ್ಸುತ್ತೆ ಹೇಳಿ" ಎಂದು ಗಂಡನನ್ನು ಕೇಳಿದಳು.

ಅದೇ ಅವಳು ಮಾಡಿದ ತಪ್ಪು! ಕೇಳಬಾರದಾಗಿತ್ತು.

ಶಿವು ಮೀಸೆ ತೀಡಿದ. "ಐಡಿಯಾ ಒಂಥರಾ ಇದೆ."

"ಒಂಥರಾ ಅಂದ್ರೆ?"

"ಒಂಥರಾ ಅಂದ್ರೆ ಒಂಥರಾ. ಬಿಸಿನೆಸ್ಸು ಅಂದ್ರೆ ಮೊದ್ಲು ಫೀಡ್‌ಬ್ಯಾಕು ಕಣೇ. ನಾಲ್ಕ್ ಜನರ ಅಭಿಪ್ರಾಯ ಕೇಳ್ಬೇಕು."

"ತೊಳೆಯೋ ಹೆಂಗಸರನ್ನ ಕೇಳಿ ಮತ್ತೆ."

"ಅವರಿಗೇನು ಗೊತ್ತಾಗುತ್ತೆ? ತಿಳಿದೋರ್ನ ಕೇಳ್ಬೇಕು."

ತಿಳಿದವರು ನಾಲ್ಕೇ ಜನ, ಭಾನುವಾರ ಬರುತ್ತಾರೆ ಎಂದ. ಆಮೇಲೆ ಶಾಮಿಯಾನದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿದ. ನಾಲ್ಕು ಹನ್ನೊಂದಾಯಿತು. ಬನ್ನೂರಿನವರು ಹೊರಟರು, ನಂಜನಗೂಡಿನವರು ಹೊರಟರು. ಹನ್ನೊಂದು ಇಪ್ಪತ್ತಾರಾಯಿತು.

"ಅಷ್ಟು ದೂರದಿಂದ ಬರ್ತಾರೆ, ಬರೀ ಬಾಯಲ್ಲಿ ಕಳ್ಸೋಕಾಗುತ್ತಾ? ಒಂದ್ ತುತ್ತು ಹಾಕ್ಬೇಕು" ಎಂದ ಶಿವು.

ಒಂದು ತುತ್ತೆಂದರೆ ಮಟನ್ ಪಲಾವು, ಮುದ್ದೆ, ಬೋಟಿ ಗೊಜ್ಜು! ನಂಜನಗೂಡಿನಲ್ಲಿ ಇಂಥದ್ದೇ ಅಂಗಡಿಯಿಟ್ಟಿರುವ ಮಹಾದೇವಸ್ವಾಮಿಯವರೂ ರಿಟೈರ್ಡ್ ಹೆಡ್‌ಮೇಷ್ಟ್ರು ಶಿವಮಲ್ಲಪ್ಪನವರೂ ಬಾಡು ಮುಟ್ಟದವರಾದ್ದರಿಂದ, ಅವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಅವರೆಕಾಳು ಸಾರು, ಪಾಯಸ. ಮನೆಯ ಪಾತ್ರೆ ಸಾಲದೆ ಅಂಗಡಿಯಿಂದಲೇ ಹಂಡೆ, ಕೊಪ್ಪರಿಗೆಗಳು ಮನೆಗೆ ಬಂದವು. ಪಾತ್ರೆ ತೊಳೆಯುವ ಕೆಲಸಕ್ಕೆ ಬೆಲೆಯಿದೆಯೇ ಎಂದು ತೀರ್ಮಾನಿಸಲು ಹದಿನೆಂಟು ದೊಡ್ಡ ಪಾತ್ರೆಗಳು ಮಸಿಯಾದವು!

ಬೆಳಗಿನ ಐದರಿಂದ ಪಲ್ಲವಿ ಒಲೆಯ ಮುಂದೆ. ಅತ್ತೆ ಮಂಚಮ್ಮ ಮಸಾಲೆ ಅರೆದು, ಕಾಳು ಬಿಡಿಸಿ, ಐವತ್ತು ಮುದ್ದೆ ಕಟ್ಟಿದರು.

ಮಧ್ಯಾಹ್ನ ಹಜಾರದಲ್ಲಿ ಇಪ್ಪತ್ತಾರು ಗಂಡಸರು ಚಕ್ಕಳ ಮಕ್ಕಳ ಹಾಕಿ ಕೂತು ಪಲ್ಲವಿಯ ಯೋಜನೆಯನ್ನು ಅಗಿಯತೊಡಗಿದರು. ಪಲ್ಲವಿ ಸೆರಗಿಗೆ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹೊಸ್ತಿಲು ದಾಟಿದಳು.

"ನೋಡಿ, ನಾನು ಯೋಚನೆ ಮಾಡಿರೋದು ಏನಂದ್ರೆ..."

"ಅಕ್ಕಾ, ಇತ್ತ ಕಡೆ ಒಂದ್ ಮುದ್ದೆ!"

ಮುದ್ದೆ ತಂದಳು. "ನಾನು ಹೇಳ್ತಿದ್ದದ್ದು..."

"ತಂಗೀ, ಸಾರು ಒಂಚೂರು ಬಿಸಿ ಮಾಡ್ಬಿಡಮ್ಮ."

ಬಿಸಿ ಮಾಡಿ ತಂದಳು. "ಆ ಜಾಗದಲ್ಲಿ ಕಲ್ಲುಹಾಸು..."

"ಈರುಳ್ಳಿ ಐತೇನಕ್ಕ?"

ಹೀಗೆ ಯೋಜನೆಯ ಒಡತಿಯ ಭಾಷಣ ಮುದ್ದೆ, ಸಾರು, ಈರುಳ್ಳಿಗಳಲ್ಲಿ ಮುಕ್ತಾಯವಾಯಿತು. ಉಳಿದದ್ದನ್ನು ಅವಳು ಅಡುಗೆಮನೆಯ ಬಾಗಿಲ ಸಂದಿಯಿಂದ ಕೇಳಿಸಿಕೊಂಡಳು. ಬೇಡ ಎನ್ನುತ್ತಾರೆಂದು ಅವಳು ಹಲ್ಲು ಕಚ್ಚಿ ನಿಂತಿದ್ದಳು. ಅವರು ಬೇಡ ಎನ್ನಲಿಲ್ಲ. ಒಬ್ಬರಿಗಿಂತ ಒಬ್ಬರು ಮೆಚ್ಚಿದರು!

"ಭರ್ಜರಿ ಐಡಿಯಾ ಕಣ್ಲಾ ಶಿವು! ನಿನ್ ತಲೆ ಅಂದ್ರೆ ತಲೆ ಬುಡು" ಎಂದ ಬಾಡೂಟದ ಅಡುಗೆ ಗುತ್ತಿಗೆಯ ಚೆಲುವರಾಜು.

ಶಿವು ತಲೆ ತಗ್ಗಿಸಿ ನಾಚಿಕೊಂಡ. ನನ್ನದಲ್ಲ ಎನ್ನಲಿಲ್ಲ.

"ಅಂಗಡಿ ಹೆಸರು 'ಶಿವು ಕ್ಲೀನಿಂಗ್ಸ್' ಅಂತಲೇ ಇರಲಿ. ಬೋರ್ಡಲ್ಲಿ ನಿಂದೊಂದು ದೊಡ್ಡ ಫೋಟೋ" ಎಂದರು ಮಹಾದೇವಸ್ವಾಮಿ.

ವಿಮೆ ಮಾಡಿಸುವ ರವಿಚಂದ್ರ ಎದ್ದು ನಿಂತ. "ಶಿವಣ್ಣ, ಈ ಬಿಸಿನೆಸ್ಸಿನ ಬ್ಯೂಟಿ ಏನ್ ಗೊತ್ತಾ? ಲೇಬರ್ ಖರ್ಚೇ ಇಲ್ಲ! ಅತ್ತಿಗೆ ಮನೇಲೇ ಇದಾರೆ. ಅವರಿಗೆ ಅಭ್ಯಾಸಾನೂ ಇದೆ!"

ಇಪ್ಪತ್ತಾರು ಜನ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದರು. ಸರ್ವಾನುಮತ!

ಪಲ್ಲವಿ ಸೌಟು ಹಿಡಿದೇ ಹಜಾರಕ್ಕೆ ಬಂದಳು. ಈ ಸಲ ಯಾರೂ ಮುದ್ದೆ ಕೇಳಲಿಲ್ಲ. ಅವಳ ಮುಖ ಹಾಗಿತ್ತು.

"ಯಾರಿಗೆ ಕೂಲಿ ಇಲ್ಲ?"

"ನಿಮಗೇ ಅತ್ತಿಗೆ" ಎಂದ ರವಿಚಂದ್ರ, ಬಹುಮಾನ ಕೊಡುವವನಂತೆ. "ನೀವು ಮನೆಯವರಲ್ವಾ!"

"ನೀವು ನಿಮ್ಮ ಮನೆಯವರಿಗೆ ವಿಮೆ ಮಾಡಿಸಿದ್ರೆ ಕಮಿಷನ್ ಬಿಡ್ತೀರಾ?"

"ಅಯ್ಯೋ, ಅದು ಕೆಲಸ ಅತ್ತಿಗೆ."

"ಇದು?"

"ಇದು... ತೊಳೆಯೋದು."

ಶಿವಮಲ್ಲಪ್ಪ ಮೇಷ್ಟ್ರು ಪಾಯಸದ ಲೋಟ ಕೆಳಗಿಟ್ಟು ಬುದ್ಧಿ ಹೇಳಿದರು. "ಕೋಪ ಮಾಡ್ಕೋಬೇಡಮ್ಮ. ಕೂಲಿ ತಗೊಂಡ್ರೆ ಕಂಡೋರ ಎಂಜಲು ತೊಳೆದ ಹಾಗಾಗುತ್ತೆ, ಮರ್ಯಾದೆ ಅಲ್ಲ. ತಗೊಳ್ದೆ ಮಾಡಿದ್ರೆ ಅದು ಸೇವೆ."

"ನೀವು ಮೂವತ್ತು ವರ್ಷ ಪಾಠ ಮಾಡಿದ್ದು ಸೇವೆಯಾ, ಸಂಬಳಕ್ಕಾ ಮೇಷ್ಟ್ರೇ?"

"ಮೇಷ್ಟ್ರಿಗೆ ಪಿಂಚಣೀನೂ ಬತ್ತದೆ ಕಣಕ್ಕ" ಎಂದ ಚೆಲುವರಾಜು, ಪಾಪ, ಒಳ್ಳೆಯ ಮನಸ್ಸಿನಿಂದ.

ಮೇಷ್ಟ್ರಿಗೆ ಪಾಯಸದ ಗೋಡಂಬಿ ಗಂಟಲಿಗೆ ಸಿಕ್ಕಿಕೊಂಡಿತು.

"ಪುಕ್ಕಟೆ ಉಜ್ಜಿದ್ರೆ ಮರ್ಯಾದೆ, ಕೂಲಿ ಕೇಳಿದ್ರೆ ಮಾನ ಹೋಯ್ತು! ಬಹಳ ಚೆನ್ನಾಗಿದೆ ನಿಮ್ಮ ಲೆಕ್ಕ. ಎಲ್ಲರ ಅಭಿಪ್ರಾಯ ಆಯ್ತಲ್ಲ, ನಂದೂ ಒಂದು ಬರ್ಕೊಳ್ಳಿ. ಈ ಪಾತ್ರೆ ಒಂದನ್ನೂ ನಾನು ಮುಟ್ಟಲ್ಲ!" ಸೌಟನ್ನು ಸಾರಿನ ಬಕೆಟ್ಟಿಗೆ ಎಸೆದಳು. ಸಾರು ಹಾರಿ ರವಿಚಂದ್ರನ ಬಿಳೀ ಶರ್ಟಿನ ಮೇಲೆ ಬಿತ್ತು. ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

"ಬೆಳಗಾಗೋ ಹೊತ್ತಿಗೆ ಸರಿ ಹೋಗ್ತಾಳೆ ಬುಡಿ" ಎಂದು ಶಿವು ನಗುತ್ತ ಎಲ್ಲರನ್ನೂ ಕಳಿಸಿಕೊಟ್ಟ.

ಬೆಳಗಾಯಿತು. ಅವಳು ಸರಿ ಹೋಗಲಿಲ್ಲ. ಹದಿನೆಂಟು ಪಾತ್ರೆಗಳ ಮೇಲೆ ಮಟನ್ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ನೊಣಗಳು ಊರ ಹಬ್ಬ ಮಾಡುತ್ತಿದ್ದವು. ಹತ್ತು ಗಂಟೆಗೆ ಸೋಸಲೆಯ ಚಿಕ್ಕಮಾದು ಇದೇ ಪಾತ್ರೆಗಳಿಗಾಗಿ ಗೂಡ್ಸ್ ಆಟೋ ತರುವವನಿದ್ದ. ಮಂಗಳವಾರ ಅವನ ಮಗಳ ಬೀಗರೂಟ.

"ಪಾತ್ರೆ ತೊಳೆಯೋದೇನು ಮಹಾ ವಿದ್ಯೆಯಾ? ಅರ್ಧ ಗಂಟೆ ಕೆಲಸ!" ಎಂದು ಗುಡುಗಿ ಶಿವು ಲುಂಗಿ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದ. ದೊಡ್ಡ ಹಂಡೆಯನ್ನು ಅಡ್ಡ ಮಲಗಿಸಿ, ತಲೆ ತೂರಿಸಿ, ಕೈ ತೂರಿಸಿ, ಹೊಟ್ಟೆಯನ್ನೂ ಒಳಗೆಳೆದುಕೊಂಡ. ಒಳಗೆ ಹೋಗುವಾಗ ಜಿಡ್ಡು ನಯವಾಗಿ ಜಾರಿಸಿತು. ಆಮೇಲೆ ಅವನು ಸಿಟ್ಟಿನಲ್ಲಿ ಪುಡಿ ಹಾಕಿ ಹಾಕಿ ಹಂಡೆಯ ಕತ್ತನ್ನು ಮಿರಮಿರ ಮಿಂಚುವಂತೆ ಉಜ್ಜಿದ. ಅಲ್ಲಿಗೆ ಜಾರಿಸಲು ಜಿಡ್ಡೂ ಉಳಿಯಲಿಲ್ಲ, ಹೊಟ್ಟೆ ಹೊರಗೂ ಬರಲಿಲ್ಲ!

ಚಿಕ್ಕಮಾದು ಬಂದ. "ಶಿವಣ್ಣಾ! ಎಲ್ಲವ್ನೆ ಓನರು?"

"ಇಲ್ಲೇ ಇದೀನಿ ಕಣಣ್ಣ!" ಎಂದಿತು ಹಂಡೆ.

ಚಿಕ್ಕಮಾದು ಮಾಡಿನ ಕಡೆ ನೋಡಿದ. ಆಮೇಲೆ ಹಂಡೆಯಿಂದ ಚಾಚಿಕೊಂಡಿದ್ದ ಎರಡು ಕಾಲು ಕಂಡವು. "ಅದ್ಯಾಕ್ಲಾ ಅಲ್ಲೋಗಿ ಸೇರ್ಕಂಡಿದ್ದೀಯೆ? ಎಡ್ತಿ ಓಡುಸ್ಬುಟ್ಲಾ?"

ಹಿಂದಿನ ದಿನದ ಅಡುಗೆಗೆ ಕೊಟ್ಟು ಮರೆತಿದ್ದ ತನ್ನ ಜರಡಿ ಒಯ್ಯಲು ಬಂದ ಚೆಲುವರಾಜು ಸುಮ್ಮನಿರಬೇಡವೇ? ಫೋನು ತೆಗೆದು ವಿಡಿಯೋ ಮಾಡಿ ಗುಂಪಿಗೆ ಹಾಕಿಯೇಬಿಟ್ಟ.

ಪಲ್ಲವಿ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು.

"ಪಲ್ಲವೀ, ಎಳಿಯೇ!"

"ಎಳೀತೀನಿ. ಎಳೆಯೋದೂ ಕೆಲಸ ತಾನೆ? ಮೊದಲು ಕೂಲಿ ಮಾತಾಡೋಣ."

"ಇದೇನೇ ಅದಕ್ಕೆ ಹೊತ್ತು?"

"ಹನ್ನೊಂದು ವರ್ಷದಲ್ಲಿ ನೀವು ನಡುವೆ ಎದ್ದು ಹೋಗದೆ ನನ್ನ ಮಾತು ಕೇಳ್ತಿರೋದು ಇದೇ ಮೊದಲು! ಅಂಗಡಿ ಹಿಂದಿನ ಜಾಗ ನನ್ನ ಸುಪರ್ದಿಗೆ ಬರ್ಬೇಕು. ಹೂಂ ಅನ್ನಿ."

"ಹೂಂ."

"ನನ್ನ ಕೈಗೂ ಸೇರಿ ತೊಳೆಯೋ ಕೈಗೆಲ್ಲ ಕೂಲಿ."

"ಹೂಂ!"

"ಬೋರ್ಡಲ್ಲಿ ನಿಮ್ಮ ಫೋಟೋ ಇರಲ್ಲ."

ಹಂಡೆ ಸ್ವಲ್ಪ ಹೊತ್ತು ಯೋಚಿಸಿತು. "ಸಣ್ಣದೊಂದು..."

ಪಲ್ಲವಿ ಕಾಫಿ ಗುಟುಕರಿಸಿದಳು.

"ಹೂಂ ಕಣೇ, ಹೂಂ! ಉಸ್ರು ಕಟ್ತಿದೆ!"

ಮಂಚಮ್ಮ ಒಳಗಿನಿಂದ ಹರಳೆಣ್ಣೆ ತಂದು ಮಗನ ಸೊಂಟದ ಸುತ್ತ ಸುರಿದರು. ಚಿಕ್ಕಮಾದು ಒಂದು ಕಾಲು, ಚೆಲುವರಾಜು ಒಂದು ಕಾಲು ಹಿಡಿದು ಎಳೆದರು. 'ಪಳಕ್' ಎಂದು ಶಿವು ಹೊರಬಿದ್ದ, ಮೈಯೆಲ್ಲ ಮಸಿ, ಮೀಸೆಯ ತುಂಬ ಅನ್ನದಗುಳು.

ಪಲ್ಲವಿ ಪಕ್ಕದ ಬೀದಿಯ ನಾಲ್ಕು ಹೆಂಗಸರನ್ನು ಕರೆಸಿ, ಮಧ್ಯಾಹ್ನದೊಳಗೆ ಹದಿನೆಂಟನ್ನೂ ಬೆಳಗಿ ಆಟೋಗೆ ಹತ್ತಿಸಿದಳು. "ತೊಳೆದು ತರಬೇಡಿ ಚಿಕ್ಕಮಾದಣ್ಣ, ಹಾಗೇ ತನ್ನಿ. ತೊಳೆಯೋ ಕೂಲಿ ಸೇರಿಸಿ ಕೊಡಿ" ಎಂದಳು.

"ಅಯ್ಯೋ ತಾಯಿ, ಕೊಟ್ಬುಡ್ತೀನಿ! ನಾಳಿಕೆ ಪಾತ್ರೆ ಯಾರು ಉಜ್ಜೋರು ಅಂತ ನನ್ನೆಡ್ತಿ ವಾರದಿಂದ ಮಕ ಊದುಸ್ಕಂಡವ್ಳೆ."

ಸಂಜೆ ನಂಜನಗೂಡಿನಿಂದ ಫೋನು ಬಂತು. ಮಹಾದೇವಸ್ವಾಮಿಯವರ ಹೆಂಡತಿ. "ವಿಡಿಯೋ ನೋಡ್ದೆ ಕಣ್ರೀ. ನಾಲ್ಕು ಸಲ ನೋಡ್ದೆ. ನಮ್ಮ ಅಂಗಡಿ ಪಾತ್ರೆ ಉಜ್ಜಿ ಉಜ್ಜಿ ನನ್ನ ಭುಜ ಬಿದ್ದುಹೋಗಿದೆ, ಮೇಲೆತ್ತೋಕಾಗಲ್ಲ. ನಮ್ಮವನ್ನೂ ತಗೋತೀರಾ? ಇವರನ್ನ ನಾನು ಒಪ್ಪಿಸ್ತೀನಿ. ಮನೇಲಿ ಹಂಡೆ ಇದೆ."

ಮೂರೇ ದಿನದಲ್ಲಿ ಬನ್ನೂರಿನಿಂದಲೂ ಕೇಳಿಕೆ ಬಂತು.

ಗುರುವಾರ ಮಧ್ಯಾಹ್ನ ಅದೇ ಹಜಾರದಲ್ಲಿ ಪಲ್ಲವಿಯ ಸಭೆ. ಎದುರಿಗೆ ಆ ನಾಲ್ಕು ಹೆಂಗಸರು. ಶಿವು ಮೂಲೆಯಲ್ಲಿ ನಿಂತಿದ್ದ. ಪಲ್ಲವಿಯ ದನಿ ಏರಿತು. "ನೋಡಿ, ಇದು ಗಂಡಸರ ಅಂಗಡಿ ಅಲ್ಲ. ಇಲ್ಲಿ ಯಾರ ಬೆವರೂ ಪುಕ್ಕಟೆ ಇಲ್ಲ. ಮನೆಯವರು, ಅಭ್ಯಾಸ ಇದೆ, ಸೇವೆ, ಇಂಥ ಮಾತು ಈ ಅಂಗಳಕ್ಕೆ ಕಾಲಿಡಕೂಡದು!"

ಹೆಂಗಸರ ಕಣ್ಣು ಮಿಂಚಿದವು. ಅವರಲ್ಲೊಬ್ಬಳು, ಕೋಮಲ, ಮೆಲ್ಲಗೆ ಕೇಳಿದಳು. "ಅಲ್ಲ ಪಲ್ಲವಕ್ಕ, ನೀನು ನಂಜನಗೂಡು, ಬನ್ನೂರು ಅಂತ ಓಡಾಡ್ತಿದ್ರೆ ನಿನ್ ಮನೆ ಕಡೆ ಎಂಗೆ? ನಮ್ಗೂ ಮದ್ಯಾನಕ್ಕೆ ಊಟ ಅಂತೀಯೆ."

ಪಲ್ಲವಿ ನಕ್ಕಳು. "ಅದೇನು ದೊಡ್ಡ ಯೋಚನೆ? ನಮ್ಮತ್ತೆ ಇಲ್ವಾ! ಅಡುಗೆ, ಮಕ್ಕಳು, ನಿಮ್ಮ ಊಟ ಎಲ್ಲ ಅವರು ನೋಡ್ಕೋತಾರೆ."

ಐದು ಲೋಟ ಟೀ ಹಿಡಿದು ಹಜಾರಕ್ಕೆ ಬರುತ್ತಿದ್ದ ಮಂಚಮ್ಮ ನಿಂತರು. ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಹಂಚಲಿಲ್ಲ.

"ಪಲ್ಲವಿ, ಆ ನಾಕ್ ಜನ್ರ ಜೊತ್ಗೆ ನನ್ನೆಸ್ರೂ ಬರ್ಕೊ."

"ಯಾತಕ್ಕೆ ಅತ್ತೆ?"

"ಪಾತ್ರೆ ತೊಳಿಯಾಕೆ. ಕೂಲಿ ಕೊಡ್ತೀಯಂತಲ್ಲ. ಐವತ್ತು ವರ್ಸದಿಂದ ಮಾಡಿವ್ನಿ, ಕೆಲ್ಸ ಬತ್ತದೆ."

ನಾಲ್ಕು ಹೆಂಗಸರೂ ಪಲ್ಲವಿಯ ಮುಖ ನೋಡಿದರು. ಮೂಲೆಯಲ್ಲಿ ಶಿವು ಕೆಮ್ಮಿದ. ಇಪ್ಪತ್ತಾರು ಗಂಡಸರ ಬಾಯಿ ಮುಚ್ಚಿಸಿದ್ದ ಪಲ್ಲವಿಯ ಬಾಯಿಂದ ಒಂದೇ ಮಾತು ಹೊರಬಂತು, ಅದೂ ಗಂಡನ ದನಿಯಲ್ಲಿ:

"ಮತ್ತೆ... ಮನೆ, ಅತ್ತೆ?"

ಮಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತರು.

"ಮನೆ ಎಲ್ಗೂ ಓಗಾಕಿಲ್ಲ ಕಣವ್ವ. ಅಲ್ಲೇ ಇರ್ತದೆ."