ಫಸ್ಟ್ ಗೇರಿನ ಶ್ರುತಿ

ಸಂಪಾಜೆ ಘಟ್ಟದ ಬುಡದಲ್ಲಿ ನಮ್ಮ ಚಿಕ್ಕಮ್ಮನಂಥ ಸಂಗೀತದ ಟೀಚರು ಇನ್ನೊಬ್ಬರಿಲ್ಲ ಎಂದು ನಾನು ಯಾರೆದುರು ಬೇಕಾದರೂ ಹೇಳಬಲ್ಲೆ. ಅವರು ಹಾಡಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ, ಅಷ್ಟೆ!

ನಗಬೇಡಿ. ಭಜನೆಗೆ ಹೋದರೆ ಚಿಕ್ಕಮ್ಮ ಕಣ್ಣು ಮುಚ್ಚಿ, ಕುತ್ತಿಗೆ ಕೊಂಕಿಸಿ ಬಾಯಿ ತೆರೆಯುವ ಭಕ್ತಿಯನ್ನು ಕಂಡರೆ ದೇವರೂ ಕಿವಿ ನಿಮಿರಿಸಬೇಕು. ಆದರೆ ಸ್ವರ? ಗುಲಗಂಜಿಯಷ್ಟೂ ಹೊರಗೆ ಬರುವುದಿಲ್ಲ. ಯಾಕೆಂದು ಕೇಳಿದರೆ, "ಸಣ್ಣದಿರುವಾಗ ನಮ್ಮ ಮಾಷ್ಟ್ರು ಹೇಳಿದ್ದು ಮಾರಾಯ್ತಿ, ನೀನು ಹಿಂದೆ ನಿಂತು ಬಾಯಿ ಆಡಿಸಿದ್ರೆ ಸಾಕು ಅಂತ. ನಾನು ಗುರುಗಳ ಮಾತು ಮೀರುವವಳಲ್ಲ" ಎಂದು ನಗುತ್ತಾರೆ.

ಇಂಥವರ ಕೈಗೆ ಸಂಗೀತದ ಪಿರಿಯಡ್ ಹೇಗೆ ಬಂತು? ಇಲಾಖೆಯ ಲೀಲೆ! ಕಲ್ಲುಗುಂಡಿಯ ಹತ್ತಿರ ಹೆದ್ದಾರಿಗೆ ತಾಗಿಕೊಂಡೇ ಇರುವ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕಮ್ಮ ಗಣಿತದ ಟೀಚರು, ನಾನು ಗೌರವ ಶಿಕ್ಷಕಿ. ಮಕ್ಕಳಿಗೆ ಸಂಗೀತ ಕಲಿಸಬೇಕೆಂದು ಸುತ್ತೋಲೆ ಬಂತು, ಕಲಿಸುವವರು ಬರಲಿಲ್ಲ. ಮಕ್ಕಳು ಬಾಯಿ ತೆರೆದಿರುವ ಫೋಟೋ ಒಂದನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. ಬಾಯಿ ತೆರೆಯುವುದರಲ್ಲಿ ಚಿಕ್ಕಮ್ಮನ ಅನುಭವ ಊರಿಗೇ ಗೊತ್ತಿದ್ದದ್ದರಿಂದ ಹೆಡ್ಮಾಷ್ಟ್ರು ಅವರನ್ನೇ ಹಿಡಿದರು.

ಶಾಲೆಗೊಂದು ಹಾರ್ಮೋನಿಯಂ ಇದೆ. ಹಳೆವಿದ್ಯಾರ್ಥಿಗಳು ಕೊಟ್ಟದ್ದು. ಉದ್ಘಾಟನೆಯ ದಿನ ಅತಿಥಿಗಳು ಅದರ ಒಂದು ಸ್ವರದ ಮನೆ ಒತ್ತಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಮಕ್ಕಳು ಮುಟ್ಟಿ ಹಾಳುಮಾಡಬಾರದೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಯಿತು. ಒಳಗೆ ಇಲಿಗಳು ಅದರ ತಿದಿಯನ್ನು ನೆಮ್ಮದಿಯಾಗಿ ತಿಂದವು. ಮೊಬೈಲಿನಲ್ಲಿ ಶ್ರುತಿ ಹಚ್ಚಿದರೆ 'ಸಾ' ಗಟ್ಟಿಯಾಗುವಷ್ಟರಲ್ಲಿ ಕೂದಲೆಣ್ಣೆಯ ಜಾಹೀರಾತು! ಮಕ್ಕಳು ಹಾಡಿಗಿಂತ ಮೊದಲು ಅದನ್ನೇ ಕಲಿತರು.

ಆಗ ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಲಾರಿ. ಶಾಲೆಯ ಎದುರು ಏರು. ಮಡಿಕೇರಿ ಕಡೆಗೆ ಕೆಂಪುಕಲ್ಲು ಹೊತ್ತ ಲಾರಿ ಅಲ್ಲಿ ಫಸ್ಟ್ ಗೇರಿಗೆ ಬಿದ್ದು 'ಗೋಂ' ಎಂದು ಹಿಡಿದರೆ ತಿರುವು ದಾಟುವ ತನಕ ಬಿಡುವುದಿಲ್ಲ. ಇದಕ್ಕಿಂತ ಒಳ್ಳೆಯ ತಂಬೂರಿ ಎಲ್ಲಿ ಸಿಗಬೇಕು? ಹಾಡುಗಳನ್ನು ಮಕ್ಕಳೇ ತರುತ್ತಿದ್ದರು, ಒಬ್ಬ ತನ್ನ ಅಜ್ಜಿಯಿಂದ ತುಳು ಪದ, ಸಫೀನಾ ಎಂಬ ಹುಡುಗಿ ಉಮ್ಮ ಎಂದು ಕರೆಯುವ ತಾಯಿಯಿಂದ ಬ್ಯಾರಿ ಪಾಟು. ಪಿರಿಯಡ್ ಶುರುವಾದರೆ ಎಲ್ಲರೂ ಕಿಟಕಿಗೆ ಕಿವಿ ಕೊಟ್ಟು ಕೂರುವುದು, ಲಾರಿ ಬಂದೊಡನೆ ಚಿಕ್ಕಮ್ಮನ ಕೈಯ ಮರದ ಸ್ಕೇಲು ಮೇಲೇಳುವುದು, ಇಡೀ ಕ್ಲಾಸು ಹಾಡುವುದು. ಇದಕ್ಕೊಂದು ಶಾಸ್ತ್ರವೂ ಬೆಳೆಯಿತು. ಇಳಿಯುವ ಲಾರಿಗೆ ಹಾಡಬಾರದು. ಬ್ರೇಕು ಹಾಕಿದರೆ ಶ್ರುತಿ ತುಂಡಾಗುತ್ತದೆ. ಕಾರಿಗಂತೂ ಯಾರೂ ಬಾಯಿ ತೆರೆಯುತ್ತಿರಲಿಲ್ಲ!

ಅಷ್ಟರಲ್ಲಿ ಸುಳ್ಯದಲ್ಲಿ ಗುಂಪುಗಾಯನ ಸ್ಪರ್ಧೆ ಬಂತು. ಹೆಡ್ಮಾಷ್ಟ್ರು ಚಿಕ್ಕಮ್ಮನನ್ನು ಕರೆದು, "ಟೀಚರೇ, ಈ ಸಲ ಪ್ರೈಜು ಬಾರದಿದ್ರೆ ಆ ಪಿರಿಯಡ್ ಸ್ಪೋಕನ್ ಇಂಗ್ಲಿಷಿಗೆ. ಇಂಗ್ಲಿಷ್ ಶಾಲೆಯ ವ್ಯಾನು ನಮ್ಮ ಗೇಟಿನ ಎದುರಿನಿಂದಲೇ ಹೋಗುದು ನೋಡಿದ್ದೀರಲ್ಲ?" ಎಂದರು. ಮತ್ತೆ ಸ್ವರ ತಗ್ಗಿಸಿ, "ಆ ಸಫೀನಾಳದ್ದು ಒಡಕು ಗಂಟಲು. ಅವಳು ಹಿಂದೆ ನಿಂತು ಬಾಯಿ ಆಡಿಸಿದ್ರೆ ಸಾಕು" ಎಂದು ಸೇರಿಸಿದರು.

ಚಿಕ್ಕಮ್ಮನ ಮುಖದ ನಗು ಆರಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಸರ್, ಬಾಯಿ ಮಾತ್ರ ಆಡಿಸುವವರು ನನ್ನ ಕ್ಲಾಸಲ್ಲಿ ಯಾರೂ ಇಲ್ಲ. ಸಫೀನಾ ಎದುರೇ ನಿಲ್ಲುದು."

ಸ್ಪರ್ಧೆಯ ಸಭಾಭವನವೋ, ಗಾಜಿನ ಕಿಟಕಿ, ದಪ್ಪ ಪರದೆ! ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರದಂತೆ ವ್ಯವಸ್ಥೆ ಮಾಡಿದ್ದಾರೆಂದು ಸ್ವಾಗತ ಭಾಷಣದಲ್ಲೇ ಹೊಗಳಿದರು. ನಮ್ಮ ಮಕ್ಕಳು ವೇದಿಕೆ ಹತ್ತಿದರು. ತೀರ್ಪುಗಾರರು "ಶುರು ಮಾಡಿ" ಎಂದರು. ಮಕ್ಕಳು ಸುಮ್ಮನೆ ನಿಂತರು. "ಹಾಡಿ ಮಕ್ಕಳೇ!" ಮತ್ತೂ ಸುಮ್ಮನೆ.

"ಎಂತಕ್ಕೆ ಕಾಯುದು ನೀವು?"

ಸಫೀನಾ ಮೈಕಿಗೇ ಬಾಯಿಟ್ಟು, "ಲಾರಿ ಬರ್ಲಿಲ್ಲ ಸರ್!" ಎಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಫೀನಾಳ ಕೆಳತುಟಿ ನಡುಗತೊಡಗಿತು. ಪಕ್ಕಕ್ಕೆ ತಿರುಗಿದರೆ ಚಿಕ್ಕಮ್ಮ ಕುರ್ಚಿಯಿಂದ ಎದ್ದಿದ್ದಾರೆ, ಕಣ್ಣು ಮುಚ್ಚಿದ್ದಾರೆ, ಕುತ್ತಿಗೆ ಕೊಂಕಿಸಿದ್ದಾರೆ. ಬಾಯಿ ತೆರೆಯಿತು. ಎಂದಿನಂತೆ ಮುಚ್ಚೀತೆಂದು ನೋಡುತ್ತಿದ್ದೆ.

"ಗೋಂ..."

ನಾನು ಹುಟ್ಟಿದಂದಿನಿಂದ ಕೇಳದ ಸ್ವರ! ಕೆಂಪುಕಲ್ಲು ಹೊತ್ತು ಏರು ಹತ್ತುವ ಲಾರಿಯದ್ದೇ ಸ್ವರ. ಮಕ್ಕಳ ಮುಖ ಅರಳಿತು, ಹಾಡು ಎದ್ದಿತು, ಎಲ್ಲರಿಗಿಂತ ಮೇಲೆ ಸಫೀನಾಳ ಒಡಕು ಗಂಟಲು. ಹಾಡು ಮುಗಿಯುವವರೆಗೆ ಚಿಕ್ಕಮ್ಮ ಗೇರು ಬದಲಿಸಲಿಲ್ಲ.

ಪ್ರೈಜು? ಟೀಚರು ಸಭೆಯಿಂದ ಸದ್ದು ಮಾಡಿದ್ದು ನಿಯಮಬಾಹಿರ ಎಂದು ನಮ್ಮ ತಂಡವನ್ನೇ ಕೈಬಿಟ್ಟರು. ಪಿರಿಯಡ್ ಸ್ಪೋಕನ್ ಇಂಗ್ಲಿಷಿಗೆ ಹೋಯಿತು. ಅದನ್ನು ಕಲಿಸುವವರೂ ಇನ್ನೂ ಬಂದಿಲ್ಲ.

ಬೆಳಗ್ಗಿನ ಪ್ರಾರ್ಥನೆಯನ್ನು ಮಾತ್ರ ಯಾವ ಹೆಡ್ಮಾಷ್ಟ್ರಿಗೂ ಕಿತ್ತುಕೊಳ್ಳಲಾಗುವುದಿಲ್ಲ. ಸೋಮವಾರ ಮಕ್ಕಳು ಸಾಲಾಗಿ ನಿಂತಿದ್ದಾಗ ಸರಿಯಾಗಿ ಲಾರಿಯೊಂದು ಏರು ಹಿಡಿಯಿತು. ಹಿಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಅಬ್ಬ ಎಂದು ಉಸಿರುಬಿಟ್ಟು ಸ್ಕೇಲು ಎತ್ತಿದರು. ಮಕ್ಕಳು ಹಾಡಲಿಲ್ಲ. ಲಾರಿ ತಿರುವು ದಾಟಿ ಹೋಯಿತು.

"ಎಂತ ಮಕ್ಕಳೇ, ಲಾರಿ ಬಂತಲ್ಲ?"

"ಅದು ಬೇಡ ಟೀಚರ್," ಎಂದಳು ಸಫೀನಾ, "ನೀವು ಹಾಡಿ."

ಚಿಕ್ಕಮ್ಮ, ಈ ಮಾತು ತನ್ನ ಹಿಂದೆ ನಿಂತ ಬೇರೆ ಯಾರಿಗೋ ಇರಬೇಕೆಂದು ತಿರುಗಿ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಮೆಲ್ಲನೆ ಎದುರಿಗೆ ಬಂದು ನಿಂತರು. ಶ್ರುತಿ ಸರಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಅಳುತ್ತಿದ್ದೆ.